ವ್ಯಸನ ಚಿಕಿತ್ಸಾ ನ್ಯಾಯಾಲಯಗಳು

ಮಾದಕ ವಸ್ತುವಿನ ಚಟದಿಂದ ಅಪರಾಧಕ್ಕೆ ಸಿಲುಕಿದವನನ್ನು ಜೈಲಿಗೆ ಅಟ್ಟುವ ಮೊದಲು ಚಿಕಿತ್ಸೆಗೆ ಕಳಿಸಿ, ಆ ಚಿಕಿತ್ಸೆ ಹೇಗೆ ಸಾಗಿದೆಯೆಂದು ನ್ಯಾಯಾಧೀಶರೇ ಆಗಾಗ ಕರೆಸಿ ವಿಚಾರಿಸಿ, ಸುಧಾರಿಸಿದರೆ ಮೊಕದ್ದಮೆಯನ್ನು ಕೈಬಿಡುವ ಅಥವಾ ಶಿಕ್ಷೆಯನ್ನು ತಗ್ಗಿಸುವ ನ್ಯಾಯಾಲಯಗಳಿಗೆ ವ್ಯಸನ ಚಿಕಿತ್ಸಾ ನ್ಯಾಯಾಲಯಗಳೆಂದು ಹೆಸರು. 1989ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಪದ್ಧತಿ ಕೆನಡಾ, ಆಸ್ಟ್ರೇಲಿಯ, ಐರ್ಲೆಂಡ್, ಸ್ಕಾಟ್ಲೆಂಡ್, ನ್ಯೂಜಿಲೆಂಡ್ ಮೊದಲಾದ ಕಡೆ ಹಬ್ಬಿದೆ. ಭಾರತದ ಕಾನೂನಿನಲ್ಲಿ ಈ ಹೆಸರಿನ ನ್ಯಾಯಾಲಯವಿಲ್ಲ. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ಇಲ್ಲಿರುವ ವಿಶೇಷ ನ್ಯಾಯಾಲಯವನ್ನು ಅದರ ಭಾರತೀಯ ರೂಪವೆಂದು ತಿಳಿಯುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಸಾಗಣೆದಾರರನ್ನು ಬೇಗ ವಿಚಾರಣೆ ಮಾಡಿ ಕಠಿಣವಾಗಿ ಶಿಕ್ಷಿಸಲು ಹುಟ್ಟಿದ ನ್ಯಾಯಾಲಯ ಅದು. ಚಿಕಿತ್ಸೆಗೆ ಅವಕಾಶ ಕೊಡುವ ಕಲಮುಗಳು ಅದೇ ಕಾಯ್ದೆಯ ಬೇರೊಂದು ಮೂಲೆಯಲ್ಲಿವೆ, ಮತ್ತು ಅವು ಹೆಚ್ಚಾಗಿ ಅನ್ವಯವಾಗಬೇಕಾದದ್ದು ತಾಲ್ಲೂಕು ಕೇಂದ್ರದ ಮ್ಯಾಜಿಸ್ಟ್ರೇಟರ ಮುಂದೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನಿಡುಗಲ್ ಸೀಮೆಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಮಯಾಮಿಯ ಆರಂಭ

ವ್ಯಸನ ಅಪರಾಧವೋ ಕಾಯಿಲೆಯೋ ಎಂಬ ಚರ್ಚೆಗೆ ಅಮೆರಿಕದ ಸುಪ್ರೀಂ ಕೋರ್ಟ್ 1962ರಲ್ಲಿ ರಾಬಿನ್‌ಸನ್ ಪ್ರಕರಣದಲ್ಲಿ ಒಂದು ನೆಲೆ ಒದಗಿಸಿತು. ವ್ಯಸನಿಯಾಗಿದ್ದಾನೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಶಿಕ್ಷಿಸುವಂತಿಲ್ಲ ಎಂದು ಅದು ಹೇಳಿತು. ತೀರ್ಪು ತೀರ್ಪಾಗಿಯೇ ಉಳಿಯಿತು. 1980ರ ದಶಕದಲ್ಲಿ ಕ್ರ್ಯಾಕ್ ಕೊಕೇನ್ ನಗರಗಳಿಗೆ ನುಗ್ಗಿದಾಗ ಸರ್ಕಾರ ಶಿಕ್ಷೆ ಹೆಚ್ಚಿಸುವ ದಾರಿಯನ್ನೇ ಹಿಡಿಯಿತು. ಫ್ಲಾರಿಡಾದ ಮಯಾಮಿಯಲ್ಲಿ ಜೈಲುಗಳು ತುಂಬಿ ತುಳುಕಿದವು. ಹೊರಗೆ ಬಂದವನು ಕೆಲವೇ ತಿಂಗಳಲ್ಲಿ ಅದೇ ಆರೋಪದ ಮೇಲೆ ಅದೇ ಕಟಕಟೆಯಲ್ಲಿ ನಿಂತಿರುತ್ತಿದ್ದ.

1989ರಲ್ಲಿ ಅಲ್ಲಿನ ನ್ಯಾಯಾಧೀಶರು ಬೇರೊಂದು ಪ್ರಯೋಗಕ್ಕೆ ಕೈಹಾಕಿದರು. ಸಣ್ಣ ಪ್ರಮಾಣದ ಮಾದಕ ವಸ್ತುವಿನೊಡನೆ ಸಿಕ್ಕಿಬಿದ್ದವರ ಪ್ರಕರಣಗಳನ್ನು ಪ್ರತ್ಯೇಕಿಸಿ ಸ್ಟ್ಯಾನ್ಲಿ ಗೋಲ್ಡ್‌ಸ್ಟೀನ್ ಅವರ ಪೀಠಕ್ಕೆ ಒಪ್ಪಿಸಿದರು. ಆರೋಪಿ ಚಿಕಿತ್ಸೆಗೆ ಒಪ್ಪಬೇಕು, ಮೂತ್ರ ಪರೀಕ್ಷೆಗೆ ಹಾಜರಾಗಬೇಕು, ಗೊತ್ತುಪಡಿಸಿದ ದಿನ ನ್ಯಾಯಾಧೀಶರ ಎದುರಿಗೆ ಬಂದು ತನ್ನ ಸ್ಥಿತಿ ಹೇಳಿಕೊಳ್ಳಬೇಕು. ಆರಂಭದ ಚಿಕಿತ್ಸೆಯಲ್ಲಿ ಕಿವಿಗೆ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಕೂಡ ಸೇರಿತ್ತು. ಇವತ್ತಿನ ವೈದ್ಯರಲ್ಲಿ ಅನೇಕರು ಅದನ್ನು ಒಪ್ಪಲಾರರು. ಆದರೆ ಆ ಪ್ರಯೋಗದ ಬಲವಿದ್ದದ್ದು ಸೂಜಿಯಲ್ಲಲ್ಲ, ಒಬ್ಬನೇ ನ್ಯಾಯಾಧೀಶ ಒಬ್ಬನೇ ಮನುಷ್ಯನನ್ನು ತಿಂಗಳುಗಟ್ಟಲೆ ಹೆಸರು ಹಿಡಿದು ಕರೆದು ಮಾತನಾಡಿಸಿದ್ದರಲ್ಲಿ. ಆಗ ಮಯಾಮಿ ಸೇರಿದ ಕೌಂಟಿಯ ಸರ್ಕಾರಿ ಅಭಿಯೋಜಕರಾಗಿದ್ದ ಜಾನೆಟ್ ರೀನೊ 1993ರಲ್ಲಿ ದೇಶದ ಅಟಾರ್ನಿ ಜನರಲ್ ಆದರು. 1994ರ ಅಪರಾಧ ನಿಯಂತ್ರಣ ಕಾಯ್ದೆ ಇಂಥ ನ್ಯಾಯಾಲಯಗಳಿಗೆ ಕೇಂದ್ರದ ಹಣ ಒದಗಿಸಿತು. ಇವುಗಳ ಲಕ್ಷಣಗಳನ್ನು ಹತ್ತು ಅಂಶಗಳಲ್ಲಿ ಹೇಳುವ ಮಾರ್ಗಸೂಚಿ 1997ರಲ್ಲಿ ಹೊರಬಂತು. ಈಗ ಅಮೆರಿಕವೊಂದರಲ್ಲೇ ಇಂಥ ನ್ಯಾಯಾಲಯಗಳು 3,000ಕ್ಕೂ ಹೆಚ್ಚಿವೆ. ಕೆನಡಾದ ಟೊರಾಂಟೊದಲ್ಲಿ 1998ರಲ್ಲಿ, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ 1999ರಲ್ಲಿ, ಡಬ್ಲಿನ್ ಮತ್ತು ಗ್ಲಾಸ್ಗೊಗಳಲ್ಲಿ 2001ರಲ್ಲಿ, ಆಕ್ಲೆಂಡ್‌ನಲ್ಲಿ 2012ರಲ್ಲಿ ಇವು ಶುರುವಾದವು.

ನಡೆಯುವ ಬಗೆ ಬಹುಮಟ್ಟಿಗೆ ಎಲ್ಲೆಡೆ ಒಂದೇ. ನ್ಯಾಯಾಧೀಶರು, ಸರ್ಕಾರಿ ವಕೀಲರು, ಆರೋಪಿಯ ವಕೀಲರು, ವೈದ್ಯರು ಅಥವಾ ಆಪ್ತ ಸಮಾಲೋಚಕರು, ಪರಿವೀಕ್ಷಣಾಧಿಕಾರಿ ಇವರೆಲ್ಲ ಒಂದು ತಂಡವಾಗಿ ಕೂತು ಪ್ರತಿಯೊಬ್ಬನ ವಿಷಯವನ್ನೂ ಮೊದಲೇ ಚರ್ಚಿಸುತ್ತಾರೆ. ಮೊದಲಿಗೆ ವಾರಕ್ಕೊಮ್ಮೆ ಹಾಜರಿ, ಸುಧಾರಿಸಿದಂತೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ತಪ್ಪದೆ ನಡೆದುಕೊಂಡವನಿಗೆ ತುಂಬಿದ ಕೋರ್ಟಿನಲ್ಲಿ ಚಪ್ಪಾಳೆ, ಕೊನೆಗೊಂದು ಪ್ರಮಾಣಪತ್ರ. ತಪ್ಪಿದವನಿಗೆ ಎಚ್ಚರಿಕೆ, ಮತ್ತೂ ತಪ್ಪಿದರೆ ಒಂದೆರಡು ದಿನದ ಜೈಲು. ಒಂದು ಸುತ್ತು ಮುಗಿಯಲು ಒಂದು ವರ್ಷವೋ ಒಂದೂವರೆ ವರ್ಷವೋ ಹಿಡಿಯುತ್ತದೆ. ಕೆಲವು ಕಡೆ ಆರೋಪ ಹೊರಿಸುವ ಮೊದಲೇ ಚಿಕಿತ್ಸೆಗೆ ಕಳಿಸುತ್ತಾರೆ. ಕೆಲವು ಕಡೆ ತಪ್ಪೊಪ್ಪಿಕೊಂಡ ಮೇಲೆ ಶಿಕ್ಷೆಯನ್ನು ತಡೆಹಿಡಿದು ಕಳಿಸುತ್ತಾರೆ. ಚಿಕಿತ್ಸೆಯಲ್ಲಿ ಸೋತವನಿಗೆ ಎರಡನೆಯ ಬಗೆ ದುಬಾರಿ, ಏಕೆಂದರೆ ಅವನ ತಪ್ಪೊಪ್ಪಿಗೆ ಆಗಲೇ ದಾಖಲಾಗಿರುತ್ತದೆ.

ಅದೇ ವರ್ಷ, ಎದುರು ದಿಕ್ಕು

ಭಾರತದಲ್ಲಿ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಅಧಿನಿಯಮ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಡಿಪಿಎಸ್ ಕಾಯ್ದೆ, 1985ರ ನವೆಂಬರ್ 14ರಂದು ಜಾರಿಗೆ ಬಂತು. ಅಲ್ಲಿಯವರೆಗೆ ಗಾಂಜಾ ಮತ್ತು ಅಫೀಮು ಅಬಕಾರಿ ಇಲಾಖೆಯ ಲೆಕ್ಕಕ್ಕೆ ಸೇರಿದ್ದ ಸರಕುಗಳು. ವಿಶ್ವಸಂಸ್ಥೆಯ 1961ರ ಒಪ್ಪಂದಕ್ಕೆ ಸಹಿ ಹಾಕಿದ್ದರಿಂದ ಬಂದ ಹೊಣೆ ಈ ಕಾಯ್ದೆಯ ಹಿಂದಿತ್ತು. ಬಳಸುವವನಿಗೂ ಈ ಕಾಯ್ದೆ ಜೈಲಿನ ಭಯ ತಂದಿತು. ಭಂಗಿ ಸೊಪ್ಪು ಮಾತ್ರ ಇದರಿಂದ ಹೊರಗುಳಿಯಿತು. ಗಿಡದ ಹೂ ಮತ್ತು ಕಾಯಿಯ ತುದಿಗಳನ್ನು ಗಾಂಜಾ ಎನ್ನುವ ಕಾಯ್ದೆ, ತುದಿಯಿಲ್ಲದ ಬರೀ ಎಲೆ ಮತ್ತು ಬೀಜವನ್ನು ಹಾಗೆ ಎನ್ನುವುದಿಲ್ಲ. ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದರ ಸಂದರ್ಭದಲ್ಲಿ ಭಾಂಗ್ ಈ ಕಾಯ್ದೆಯಡಿ ನಿಷಿದ್ಧವಲ್ಲ ಎಂದು ಹೇಳಿತು.

ಮಯಾಮಿಯ ಪ್ರಯೋಗ ನಡೆದ 1989ರಲ್ಲೇ ಭಾರತವೂ ತನ್ನ ಕಾಯ್ದೆಯನ್ನು ತಿದ್ದಿತು. ಮೇ 29ರಿಂದ ಜಾರಿಗೆ ಬಂದ ಆ ತಿದ್ದುಪಡಿ ವಿಶೇಷ ನ್ಯಾಯಾಲಯಗಳನ್ನು ಹುಟ್ಟುಹಾಕಿತು, ಜಾಮೀನನ್ನು ಬಿಗಿಗೊಳಿಸಿತು, ಕೆಲವು ಪುನರಪರಾಧಗಳಿಗೆ ಮರಣದಂಡನೆಯನ್ನೂ ತಂದಿತು. ಒಂದೇ ವರ್ಷದಲ್ಲಿ ಎರಡು ದೇಶಗಳು ಮಾದಕ ವಸ್ತುಗಳಿಗೆಂದೇ ನ್ಯಾಯಾಲಯ ತೆರೆದವು. ಒಂದರ ಮುಖ ಆಸ್ಪತ್ರೆಯ ಕಡೆಗಿತ್ತು, ಇನ್ನೊಂದರದು ಜೈಲಿನ ಕಡೆಗೆ.

ವಿಶೇಷ ನ್ಯಾಯಾಲಯದ ನ್ಯಾಯಾಧೀಶರು ಸೆಷನ್ಸ್ ದರ್ಜೆಯವರು. ಜಿಲ್ಲೆಗಳಲ್ಲಿ ಸೆಷನ್ಸ್ ನ್ಯಾಯಾಲಯವೊಂದಕ್ಕೇ ಈ ಅಧಿಕಾರ ಕೊಟ್ಟಿರುವುದು ರೂಢಿ. ಬೆಂಗಳೂರಿನಲ್ಲಿ ನಗರ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಲಯದ 33ನೇ ಹೆಚ್ಚುವರಿ ಪೀಠ ಇದಕ್ಕೆ ಹೆಸರಾಗಿದೆ, ಕೇರಳದಲ್ಲಿ ವಡಕರ ಮತ್ತು ತೊಡುಪುಳದ ನ್ಯಾಯಾಲಯಗಳಿವೆ. 2001ರ ತಿದ್ದುಪಡಿ ಶಿಕ್ಷೆಯನ್ನು ತೂಕಕ್ಕೆ ಕಟ್ಟಿತು. ಗಾಂಜಾದಲ್ಲಿ ಒಂದು ಕಿಲೋವರೆಗೆ ಸಣ್ಣ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಹೆರಾಯಿನ್‌ಗೆ ಇವು 5 ಗ್ರಾಂ ಮತ್ತು 250 ಗ್ರಾಂ, ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷ ಜೈಲು, ಜೊತೆಗೆ 37ನೇ ಕಲಮಿನ ಬಿಗಿ ಜಾಮೀನು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾದಕ ವಸ್ತುವಿನ ಜೊತೆ ಬೆರೆತ ಬೇರೆ ಪದಾರ್ಥದ ತೂಕವನ್ನೂ ಸೇರಿಸಿಯೇ ಪ್ರಮಾಣ ಗೊತ್ತುಮಾಡಬೇಕೆಂದಿತು. ಹೀಗೆ ಇಡೀ ವಿಚಾರಣೆ ತಕ್ಕಡಿಯ ಸುತ್ತ ತಿರುಗುತ್ತದೆ. ಆರೋಪಿಗೆ ಚಟವಿದೆಯೇ, ಇದ್ದರೆ ಎಷ್ಟು ಆಳದ್ದು ಎಂದು ಕೇಳುವ ಸಂದರ್ಭ ವಿಶೇಷ ನ್ಯಾಯಾಲಯದಲ್ಲಿ ಬರುವುದೇ ಅಪರೂಪ. ಥಾನಾ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಈ ನ್ಯಾಯಾಲಯಗಳ ಬಗ್ಗೆ ಹಲವು ನಿರ್ದೇಶನ ಕೊಟ್ಟಿತು. ವರ್ಷಗಟ್ಟಲೆ ಜಾಮೀನಿಲ್ಲದೆ ಕೊಳೆಯುವ ವಿಚಾರಣಾಧೀನರು, ವಾಯಿದೆಯ ಮೇಲೆ ವಾಯಿದೆ, ಪ್ರಯೋಗಾಲಯದ ವರದಿಯ ವಿಳಂಬ ಇವೇ ಅಲ್ಲಿನ ಚಿಂತೆಯಾಗಿದ್ದವು.

ಎರಡು ಕಲಮುಗಳು

ಸೇವನೆಯ ಅಪರಾಧ ಬರುವುದು 27ನೇ ಕಲಮಿನಲ್ಲಿ. ಕೊಕೇನ್, ಮಾರ್ಫಿನ್, ಹೆರಾಯಿನ್‌ಗಳಾದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ; ಗಾಂಜಾ ಮೊದಲಾದವಕ್ಕೆ ಆರು ತಿಂಗಳು, 10,000 ರೂಪಾಯಿ. ಮೂರು ವರ್ಷ ಮೀರಿದ ಶಿಕ್ಷೆಯ ಅಪರಾಧಗಳಷ್ಟೇ ವಿಶೇಷ ನ್ಯಾಯಾಲಯಕ್ಕೆ ಮೀಸಲಾದ್ದರಿಂದ ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳು ಮ್ಯಾಜಿಸ್ಟ್ರೇಟರ ಮುಂದೆ ಬರುತ್ತವೆ. ಚಿಕಿತ್ಸೆ ಬೇಕಾದವನು ನಿಲ್ಲುವುದು ಅಲ್ಲಿ.

39ನೇ ಕಲಮು ಹೇಳುವುದು ಇಷ್ಟು. ಸೇವನೆಯ ಅಥವಾ ಸಣ್ಣ ಪ್ರಮಾಣದ ಅಪರಾಧ ಸಾಬೀತಾದ ವ್ಯಸನಿಯನ್ನು, ಅವನು ಒಪ್ಪಿದರೆ, ನ್ಯಾಯಾಲಯ ಕೂಡಲೇ ಶಿಕ್ಷಿಸದೆ ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಗೆ ಕಳಿಸಬಹುದು. ಅವನು ಮುಚ್ಚಳಿಕೆ ಬರೆದುಕೊಟ್ಟು, ಒಂದು ವರ್ಷ ಮೀರದಂತೆ ಚಿಕಿತ್ಸೆಯ ವರದಿಯೊಡನೆ ಮತ್ತೆ ಹಾಜರಾಗಬೇಕು. ವರದಿ ಸಮಾಧಾನಕರವಾಗಿದ್ದರೆ ನ್ಯಾಯಾಲಯ ಬುದ್ಧಿಹೇಳಿ, ಮೂರು ವರ್ಷದವರೆಗಿನ ಇನ್ನೊಂದು ಮುಚ್ಚಳಿಕೆಯ ಮೇಲೆ ಬಿಡಬಹುದು. ಇಲ್ಲವಾದರೆ ಶಿಕ್ಷೆ.

64-ಎ ಇನ್ನೂ ಮುಂದೆ ಹೋಗುತ್ತದೆ. 1989ರಲ್ಲಿ ಸೇರಿ 2001ರಲ್ಲಿ ಈಗಿನ ರೂಪ ಪಡೆದ ಈ ಕಲಮಿನ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆಯೇ ನಡೆಯುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗುತ್ತದೆ. ಮಯಾಮಿಯವರು ಪ್ರಯೋಗದ ಮೂಲಕ ಕಂಡುಕೊಂಡದ್ದರ ಬೀಜ ನಮ್ಮ ಕಾಯ್ದೆಯಲ್ಲಿ ಆಗಲೇ ಬಿದ್ದಿತ್ತು. ನೀರೆರೆಯಲು ಬೇಕಾದ ವ್ಯವಸ್ಥೆ, ಅಂದರೆ ತಂಡ, ವಾರದ ಹಾಜರಿ, ನ್ಯಾಯಾಲಯಕ್ಕೂ ಆಸ್ಪತ್ರೆಗೂ ನಡುವೆ ಓಡಾಡುವ ಒಬ್ಬ ಅಧಿಕಾರಿ, ಇವು ಯಾವುದೂ ಬರಲಿಲ್ಲ. ಪಂಜಾಬಿನ ವಿಶೇಷ ನ್ಯಾಯಾಲಯಗಳ 2013ರಿಂದ 2015ರವರೆಗಿನ ಪ್ರಕರಣಗಳನ್ನು ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಸಂಸ್ಥೆ ಅಧ್ಯಯನ ಮಾಡಿದಾಗ, ಈ ಕಲಮುಗಳಡಿ ವ್ಯಸನಮುಕ್ತಿ ಚಿಕಿತ್ಸೆಗೆ ಕಳಿಸಿದ ಒಂದು ಉದಾಹರಣೆಯೂ ಸಿಗಲಿಲ್ಲ. ಹೆರಾಯಿನ್ ಹಾವಳಿಗೆ ಹೆಸರಾದ ರಾಜ್ಯದ ಸ್ಥಿತಿಯೇ ಹೀಗೆ.

ಕಾರಣಗಳು ಊಹಿಸಲಾಗದವೇನಲ್ಲ. ಸೇವನೆಯ ಪ್ರಕರಣದಲ್ಲಿ ಆರೋಪಿಗೆ ಎಲ್ಲಕ್ಕಿಂತ ಸುಲಭದ ದಾರಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗುವುದು. ಚಿಕಿತ್ಸೆ ಕೇಳಿದರೆ ವರ್ಷವಿಡೀ ಕೋರ್ಟಿನ ನಂಟು. ವಕೀಲರೂ ಮೊದಲನೆಯದನ್ನೇ ಸೂಚಿಸುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ಇನ್ನೊಂದು ತೊಡಕು ಕಾಯ್ದೆಯೊಳಗೇ ಇದೆ. ಎರಡೂ ಕಲಮುಗಳ ಲಾಭ ಸಿಗುವುದು ವ್ಯಸನಿಗೆ, ಎಂದರೆ ಆ ವಸ್ತುವಿನ ಮೇಲೆ ಅವಲಂಬಿತನಾದವನಿಗೆ. ಕಾಲೇಜಿನ ಹಿಂದೆ ಗೆಳೆಯರ ಜೊತೆ ಮೊದಲ ಸಲ ಸೇದಿ ಸಿಕ್ಕಿಬಿದ್ದ ಹುಡುಗ ವ್ಯಸನಿಯಲ್ಲ. ಆದ್ದರಿಂದ ಅವನಿಗೆ ರಕ್ಷಣೆಯಿಲ್ಲ. ಚಟ ಅಂಟಿದವನಿಗೆ ಇರುವ ದಾರಿ ಅಂಟದವನಿಗಿಲ್ಲ ಎಂಬುದು ವಿಚಿತ್ರವಾದರೂ ನಿಜ.

ನಿಡುಗಲ್ ಸೀಮೆ

ಪಾವಗಡ ತಾಲ್ಲೂಕಿನ ನಿಡುಗಲ್ ದುರ್ಗ ಒಂದು ಕಾಲದಲ್ಲಿ ನಿಡುಗಲ್ ಚೋಳರ ನೆಲೆ. ಈಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಪಾವಗಡವನ್ನು ಬಹುಪಾಲು ಆಂಧ್ರ ಪ್ರದೇಶವೇ ಸುತ್ತುವರಿದಿದೆ. ಆಂಧ್ರದ ಮಡಕಶಿರಾ ಭಾಗ ಶಿರಾ, ಮಧುಗಿರಿ, ಪಾವಗಡಗಳ ನಡುವೆ ಚಾಚಿಕೊಂಡಿದೆ. ಆಂಧ್ರ-ಒಡಿಶಾ ಗಡಿಯ ಬೆಟ್ಟಗಳಲ್ಲಿ ಬೆಳೆದ ಗಾಂಜಾ ಬೆಂಗಳೂರಿನ ಕಡೆ ಹರಿಯುತ್ತದೆಂಬುದು ಪೊಲೀಸರಿಗೆ ಹೊಸದಲ್ಲ, ಮತ್ತು ಗಡಿಯ ಹಳ್ಳಿಗಳಲ್ಲಿ ರಸ್ತೆ ದಾಟಿದರೆ ಠಾಣೆಯೂ ನ್ಯಾಯಾಲಯವೂ ಬದಲಾಗುತ್ತವೆ. ಜಿಲ್ಲೆಗೆ ಸೈಬರ್, ಆರ್ಥಿಕ ಅಪರಾಧ ಮತ್ತು ಮಾದಕ ವಸ್ತುಗಳ ಪ್ರಕರಣಗಳಿಗೆಂದೇ ಸಿಇಎನ್ ಠಾಣೆ ತುಮಕೂರಿನಲ್ಲಿದೆ.

ಒಣಭೂಮಿಯ ಈ ಭಾಗದಲ್ಲಿ ಕಾಯ್ದೆಯ ಇನ್ನೊಂದು ಮುಖವನ್ನೂ ನೋಡಬೇಕು. ತೊಗರಿ, ಹರಳಿನ ಸಾಲುಗಳ ನಡುವೆ ನಾಲ್ಕಾರು ಗಾಂಜಾ ಗಿಡ ಬೆಳೆದು ಸಿಕ್ಕಿಬೀಳುವುದು ರಾಜ್ಯದ ಬಯಲುಸೀಮೆಯಲ್ಲೆಲ್ಲ ಕೇಳಿಬರುವ ಸುದ್ದಿ. ಇಟ್ಟುಕೊಳ್ಳುವುದಕ್ಕೆ ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ಮೆಟ್ಟಿಲುಗಳಿವೆ. ಗಿಡ ಬೆಳೆಯುವುದಕ್ಕೆ ಅವು ಇಲ್ಲ. 20ನೇ ಕಲಮಿನ ಪ್ರಕಾರ ಅದಕ್ಕೆ 10 ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ತನ್ನ ಚಿಲುಮೆಗೆಂದು ಹಿತ್ತಲಲ್ಲಿ ಎರಡು ಗಿಡ ಬೆಳೆದ ಮುದುಕನ ಪ್ರಕರಣ ವಿಶೇಷ ನ್ಯಾಯಾಲಯಕ್ಕೇ ಹೋಗುತ್ತದೆ. ಅದೇ ಮುದುಕ ಅದನ್ನೇ ಬೇರೆಯವರಿಂದ ಚೂರು ಕೊಂಡು ಸೇದಿದ್ದರೆ ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಮುಂದೆ ನಿಂತು ಚಿಕಿತ್ಸೆ ಕೇಳಬಹುದಿತ್ತು.

ದೂರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರು ಸುಮಾರು 100 ಕಿಲೋಮೀಟರ್, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 150 ಕಿಲೋಮೀಟರಿಗೂ ಹೆಚ್ಚು. ಅಮೆರಿಕದ ಮಾದರಿಯನ್ನು ಹಾಗೇ ತಂದು ವಾರಕ್ಕೊಮ್ಮೆ ತುಮಕೂರಿಗೆ ಬಾ ಎಂದರೆ ಕೂಲಿಯವನು ಒಂದು ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ಕಳೆದುಕೊಂಡು ಎರಡನೇ ವಾರಕ್ಕೇ ತಪ್ಪಿಸಿಕೊಳ್ಳುತ್ತಾನೆ. ಭಾಷೆಯದ್ದೂ ಒಂದು ಪ್ರಶ್ನೆ. ಪಾವಗಡದ ಹಲವು ಮನೆಗಳಲ್ಲಿ ಮಾತು ತೆಲುಗು, ಮತ್ತು ಗಾಂಜಾ ಚಟಕ್ಕೆ ನಿರ್ದಿಷ್ಟ ಔಷಧವಿಲ್ಲದ್ದರಿಂದ ಅಲ್ಲಿ ಚಿಕಿತ್ಸೆಯೆಂದರೆ ಮುಖ್ಯವಾಗಿ ಮಾತೇ. ಹಾಗಾಗಿ ಈ ಸೀಮೆಗೆ ಹೊಸ ನ್ಯಾಯಾಲಯದ ಕಟ್ಟಡಕ್ಕಿಂತ, ಇರುವ ನಾಲ್ಕು ತಾಲ್ಲೂಕು ನ್ಯಾಯಾಲಯಗಳಿಗೂ ಅದೇ ಊರಿನ ತಾಲ್ಲೂಕು ಆಸ್ಪತ್ರೆಗಳಿಗೂ ನಂಟು ಬೆಸೆಯುವುದೇ ಸರಿ ಎಂದು ಈ ಲೇಖಕನ ಎಣಿಕೆ.

ಆ ನಂಟಿನ ಒಂದು ತುದಿ ಸಿದ್ಧವಾಗಿಯೇ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹುಟ್ಟಿಗೆ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮಾದರಿ. ಕರ್ನಾಟಕ ಮುಂದೆ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಮಾಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ದೂರಸಂಪರ್ಕದ ಮೂಲಕ ಜಿಲ್ಲೆ, ತಾಲ್ಲೂಕುಗಳ ವೈದ್ಯರಿಗೆ ತರಬೇತಿ ಕೊಡುತ್ತ ಬಂದಿದೆ. ಮಂಗಳವಾರದ ಆ ಹೊರರೋಗಿ ಚೀಟಿ ಮ್ಯಾಜಿಸ್ಟ್ರೇಟರ ಮೇಜಿಗೆ ತಲುಪುವಂತಾದರೆ 39ನೇ ಕಲಮು ಕೇಳುವ ವರದಿಗೆ ಬೇಕಾದ ಆಧಾರ ಸಿಕ್ಕಂತೆಯೇ.

ಕುಡಿತದ ಪ್ರಶ್ನೆ

ಇಷ್ಟೆಲ್ಲ ಹೇಳಿದ ಮೇಲೂ ಈ ಹಳ್ಳಿಗಳ ಮನೆ ಮುರಿಯುವ ವ್ಯಸನ ಗಾಂಜಾ ಅಲ್ಲ, ಕುಡಿತ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ. 14.6 ಮಂದಿ ಮದ್ಯ ಬಳಸುತ್ತಾರೆ, ಗಾಂಜಾ-ಭಾಂಗ್ ಬಳಸುವವರು ಶೇ. 2.8. ಮದ್ಯ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಆದ್ದರಿಂದ 39 ಮತ್ತು 64-ಎ ಕಲಮುಗಳು ಕುಡುಕನಿಗೆ ಅನ್ವಯಿಸುವುದಿಲ್ಲ. ಅವನು ನ್ಯಾಯಾಲಯಕ್ಕೆ ಬರುವುದು ಬೇರೆ ಬೇರೆ ವೇಷದಲ್ಲಿ: ಕುಡಿದು ಬೈಕ್ ಓಡಿಸಿದವನಾಗಿ, ಜಾತ್ರೆಯಲ್ಲಿ ಹೊಡೆದಾಡಿದವನಾಗಿ, ಹೆಂಡತಿಯ ಮೇಲೆ ಕೈಮಾಡಿದವನಾಗಿ. ಮೋಟಾರು ವಾಹನ ಕಾಯ್ದೆಯ 10,000 ರೂಪಾಯಿ ದಂಡ ಅವನ ಜೇಬಿನಿಂದ ಹೋಗದೆ ಹೆಂಡತಿಯ ಸ್ವಸಹಾಯ ಸಂಘದ ಸಾಲದಿಂದ ಹೋಗುವುದೂ ಉಂಟು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಕುಡಿದು ಸಾರ್ವಜನಿಕ ಸ್ಥಳದಲ್ಲಿ ರಂಪ ಮಾಡಿದವನಿಗೆ ಸಮುದಾಯ ಸೇವೆಯ ಶಿಕ್ಷೆ ಕೊಡಲು ಅವಕಾಶ ಕಲ್ಪಿಸಿದೆ. ಆದರೆ ಚಿಕಿತ್ಸೆಯ ಮಾತು ಅಲ್ಲೂ ಇಲ್ಲ. ಅಮೆರಿಕದಲ್ಲಿ ಕುಡಿದು ವಾಹನ ಓಡಿಸಿದವರಿಗೂ ಇದೇ ಮಾದರಿಯ ನ್ಯಾಯಾಲಯಗಳು ಬಂದಿವೆ.

ಕರ್ನಾಟಕದಲ್ಲಿ ಕುಡಿತಕ್ಕೆ ಉತ್ತರವನ್ನು ಎರಡು ಕಡೆ ಹುಡುಕಿದ್ದಾರೆ. ಒಂದು ನಿಷೇಧ. 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು, ಆದರೆ ಆ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು. ಇನ್ನೊಂದು ಶಿಬಿರ. ಧರ್ಮಸ್ಥಳದ ಆಶ್ರಯದ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತದೆ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಒಟ್ಟಿಗೆ ಉಳಿದು ಕುಡಿತ ಬಿಟ್ಟವರು ಆಮೇಲೆ ನವಜೀವನ ಸಮಿತಿಯಲ್ಲಿ ಸೇರುತ್ತಾರೆ. ಕೊನೆಯ ದಿನ ಹೆಂಡತಿ ಮಕ್ಕಳ ಎದುರು ಪ್ರತಿಜ್ಞೆ, ಹಾರ, ಚಪ್ಪಾಳೆ. ವಿದೇಶದ ಚಿಕಿತ್ಸಾ ನ್ಯಾಯಾಲಯದ ಸಮಾರೋಪಕ್ಕೂ ಇದಕ್ಕೂ ಇರುವ ಹೋಲಿಕೆ ಎದ್ದು ಕಾಣುತ್ತದೆ. ಆದರೆ ಕುಡಿತ ಒಮ್ಮೆಗೇ ನಿಲ್ಲಿಸಿದಾಗ ಕೆಲವರಲ್ಲಿ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಲ್ಲದು. ಆದ್ದರಿಂದ ಭಾರೀ ಕುಡಿತದವರನ್ನು ಮೊದಲು ವೈದ್ಯರಿಗೆ ತೋರಿಸಲೇಬೇಕು.

ಟೀಕೆ ಮತ್ತು ಫಲಿತಾಂಶ

154 ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ಪರಾಮರ್ಶೆಯೊಂದು, ಬೇರೆ ನ್ಯಾಯಾಲಯಗಳಿಗೆ ಹೋದವರಲ್ಲಿ ಶೇ. 50 ಮಂದಿ ಮತ್ತೆ ಅಪರಾಧ ಮಾಡಿದರೆ ವಯಸ್ಕರ ಚಿಕಿತ್ಸಾ ನ್ಯಾಯಾಲಯಗಳಿಗೆ ಹೋದವರಲ್ಲಿ ಆ ಪ್ರಮಾಣ ಶೇ. 38 ಎಂದು ಅಂದಾಜಿಸಿತು. ಇದು ಸಣ್ಣ ಲಾಭವಲ್ಲ. ವಿರೋಧಿಗಳ ಮಾತಿನಲ್ಲೂ ಹುರುಳಿದೆ. ಸುಧಾರಿಸಬಲ್ಲವರನ್ನೇ ಆರಿಸಿಕೊಂಡು ಯಶಸ್ಸು ತೋರಿಸುತ್ತಾರೆ, ಮರಳಿ ಚಟಕ್ಕೆ ಬೀಳುವುದು ಕಾಯಿಲೆಯ ಲಕ್ಷಣವೇ ಆಗಿರುವಾಗ ಅದಕ್ಕೆ ಜೈಲು ವಿಧಿಸುತ್ತಾರೆ, ನ್ಯಾಯಾಧೀಶರು ವೈದ್ಯರ ಕೆಲಸಕ್ಕೆ ಕೈಹಾಕುತ್ತಾರೆ ಎಂಬವು ಮುಖ್ಯ ಆಕ್ಷೇಪಗಳು. ಅಫೀಮು ಬಗೆಯ ಚಟಕ್ಕೆ ಫಲಕಾರಿಯೆಂದು ಸಾಬೀತಾದ ಮೆಥಡೋನ್, ಬ್ಯುಪ್ರಿನಾರ್ಫಿನ್ ಔಷಧಗಳನ್ನು ಅಮೆರಿಕದ ಎಷ್ಟೋ ಚಿಕಿತ್ಸಾ ನ್ಯಾಯಾಲಯಗಳು ಬಹುಕಾಲ ನಿಷೇಧಿಸಿದ್ದವು. ಪೋರ್ಚುಗಲ್ 2001ರಲ್ಲಿ ಹಿಡಿದ ದಾರಿ ಬೇರೆ. ಸ್ವಂತ ಬಳಕೆಗೆ ಹತ್ತು ದಿನದ ಪ್ರಮಾಣದವರೆಗೆ ಇಟ್ಟುಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ಕೈಬಿಟ್ಟು, ಅಂಥವರನ್ನು ವಕೀಲರು ಮತ್ತು ಸಮಾಜ ಕಾರ್ಯಕರ್ತರಿರುವ ಆಯೋಗದ ಮುಂದೆ ಕಳಿಸುತ್ತದೆ. ಅಲ್ಲಿ ನ್ಯಾಯಾಲಯಕ್ಕೆ ಪಾತ್ರವೇ ಇಲ್ಲ.

ಭಾರತದಲ್ಲಿ 64-ಎ ಕಲಮಿನ ರಕ್ಷಣೆ ಕೇಳಲು ಹೊಸ ನ್ಯಾಯಾಲಯಕ್ಕಾಗಲಿ ಹೊಸ ಕಾನೂನಿಗಾಗಲಿ ಕಾಯಬೇಕಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವ ಮನೆಯ ಹುಡುಗನಾದರೂ ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪದಲ್ಲಿ ಸಿಕ್ಕಿಬಿದ್ದರೆ, ದಂಡ ಕಟ್ಟಿ ಮುಗಿಸುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಂಡು ಈ ಕಲಮಿನ ಬಗ್ಗೆ ವಿಚಾರಿಸಿ. ಬಂಧನದಲ್ಲಿರುವವರಿಗೆ ವಕೀಲರ ನೆರವು ಅಲ್ಲಿ ಉಚಿತ, ಕಾನೂನು ನೆರವಿನ ಸಹಾಯವಾಣಿ 15100. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.